ಕರಗುವ ದಾರ

ನನ್ನ ಅತ್ತಿಗೆ ಯಾವ ಬಟ್ಟೆಯನ್ನೂ ಹೊರಗಿನಿಂದ ನೋಡಿ ಸುಮ್ಮನಾಗುವವಳಲ್ಲ. ಯಾರಾದರೂ ಹೊಸ ಕೋಟು ಹಾಕಿಕೊಂಡು ಬಂದು ಹೇಗಿದೆ ಎಂದು ಕೇಳಿದರೆ, ಹತ್ತಿರ ಹೋಗಿ, ಹೇಳದೆ ಕೇಳದೆ ಕೋಟಿನ ಅಂಚನ್ನು ತಿರುವಿ ಒಳಹೊಲಿಗೆ ನೋಡುತ್ತಾಳೆ. ಆಮೇಲೆ ಮೂಗು ಮುರಿಯುತ್ತಾಳೆ. ನೆಂಟರ ಮನೆಯ ದಿಂಬು, ಸಿನಿಮಾ ಮಂದಿರದ ಪರದೆ, ಬಸ್ಸಿನಲ್ಲಿ ಪಕ್ಕ ಕೂತವರ ಚೀಲ, ಯಾವುದೂ ಅವಳ ಬೆರಳಿನಿಂದ ತಪ್ಪಿಸಿಕೊಂಡಿಲ್ಲ. “ಹೊರಗಡೆ ಎಲ್ರೂ ಚೆನ್ನಾಗೇ ಹೊಲೀತಾರೆ. ತಿರುವಿ ತೋರಿಸ್ಲಿ,” ಎನ್ನುತ್ತಾಳೆ. ಕೆಳಗಿನ ಮನೆಯ ನರ್ಸಮ್ಮ ಒಮ್ಮೆ, ದೇವರನ್ನಾದರೂ ಸ್ವಲ್ಪ ನಂಬು ಎಂದಾಗಲೂ ಇದೇ ಉತ್ತರ ಬಂತು. “ಅವನೂ ಒಂದ್ಸಲ ತಿರುವಿ ತೋರಿಸ್ಲಿ, ನಂಬ್ತೀನಿ.”

ಅಂಥವಳ ಗಂಡನ ಹೊಟ್ಟೆ ಕೊಯ್ದು ಹೊಲಿದರು.

ಆ ಗಂಡ ನನ್ನ ಅಣ್ಣ. ಮನೆಮನೆಗೆ ಹೋಗಿ ಕರೆಂಟು ಮೀಟರು ಓದುವ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ದಿನಕ್ಕೆ ನೂರು ಮೆಟ್ಟಿಲು ಹತ್ತಿಳಿಯದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹೊಟ್ಟೆಹುಣ್ಣನ್ನು ಎರಡು ವರ್ಷ ಯಾರಿಗೂ ಹೇಳದೆ ಸಾಕಿಕೊಂಡಿದ್ದ. ಅದು ಒಂದು ಮಧ್ಯಾಹ್ನ ಯಾರದೋ ಮನೆಯ ಮೆಟ್ಟಿಲ ಮೇಲೆ ಒಡೆಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದವರು ಇನ್ನರ್ಧ ಗಂಟೆ ತಡ ಮಾಡಿದ್ದರೆ ಈ ಕಥೆಯನ್ನು ನಾನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

ಹನ್ನೆರಡನೆಯ ದಿನ ಹೊರಗಿನ ಹೊಲಿಗೆ ಬಿಚ್ಚಲು ಡಾಕ್ಟರಮ್ಮ ಬಂದರು. ಅತ್ತಿಗೆ ಮಂಚದ ಈ ಕಡೆ, ನಾನು ಆ ಕಡೆ, ಕಾಲ ಬುಡದಲ್ಲಿ ಅಣ್ಣ ಅತ್ತಿಗೆಯ ಎಂಟು ವರ್ಷದ ಮಗಳು. ಮಾತಿಗೆ ಮಾತು ಸೇರಿಸುವುದರಲ್ಲಿ ಎತ್ತಿದ ಕೈ ಆದ್ದರಿಂದ ಅವಳನ್ನು ಮನೆಯಲ್ಲಿ ಎಲ್ಲರೂ ಲಾಯರಮ್ಮ ಎಂದೇ ಕರೆಯುವುದು. ಅತ್ತಿಗೆ ಹೊಟ್ಟೆಯ ಮೇಲೆ ಬಗ್ಗಿ ಹೊಲಿಗೆಯನ್ನು ನೋಡಿದಳು.

“ಇದೇನು ಮೇಡಂ, ತುಂಡು ತುಂಡು? ಒಂದೇ ದಾರದಲ್ಲಿ ಓಡಿಸ್ಲಿಲ್ಲ ಯಾಕೆ?”

“ಇದನ್ನ ಹೀಗೇ ಹಾಕೋದಮ್ಮ.”

“ಒಳಗಿಂದು ಯಾವಾಗ ಬಿಚ್ತೀರಾ?”

“ಅದನ್ನ ಬಿಚ್ಚಲ್ಲ. ಅದು ಕರಗೋ ದಾರ, ತಾನೇ ಕರಗಿಹೋಗತ್ತೆ.”

ಅತ್ತಿಗೆಯ ಮುಖ ನೋಡಬೇಕಿತ್ತು. ಹದಿನಾರನೆಯ ವಯಸ್ಸಿನಿಂದ ಹೊಲಿಯುತ್ತಿರುವವಳು. ಬಣ್ಣ ಬಿಡುವ ದಾರ ಕಂಡಿದ್ದಾಳೆ, ಇಲಿ ಕಡಿದ ದಾರ ಕಂಡಿದ್ದಾಳೆ. ಕರಗಲಿ ಎಂದೇ ಹಾಕುವ ದಾರವನ್ನು ಅವಳು ಕೇಳಿಯೇ ಇರಲಿಲ್ಲ. “ಕರಗಿದ್ಮೇಲೆ ಏನು ಹಿಡ್ಕೊಳತ್ತೆ?” ಎಂದಳು.

“ಮೈಯೇ ಮೈನ ಹಿಡ್ಕೊಳತ್ತೆ. ಅಲ್ಲೀವರೆಗೆ ಸಾಕು ಅಂತ ದಾರ,” ಎಂದರು ಡಾಕ್ಟರಮ್ಮ. “ದಿನಾ ನಡೆಸಿ. ಕೂರಿಸಿಬಿಡಬೇಡಿ.”

ಅತ್ತಿಗೆ ಕೂರಿಸಿಬಿಟ್ಟಳು. ಮನೆ ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಅಣ್ಣನನ್ನು ಇಬ್ಬರು ಹಿಡಿದು ಮೇಲೆ ತಂದ ದಿನವೇ ಅವಳು ಬಾಗಿಲ ಹತ್ತಿರ ಇದ್ದ ಅವನ ಬೂಟುಗಳನ್ನು ಎತ್ತಿ ಕಪಾಟಿನ ಮೇಲಿಟ್ಟಳು. ನಡುಮನೆಯಲ್ಲಿ ಕೈಯಿರುವ ಕುರ್ಚಿ, ಬೆನ್ನಿಗೆರಡು ದಿಂಬು, ಅಲ್ಲಿ ಅಣ್ಣ. ಏಳುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಭುಜಕ್ಕಿಂತ ಮೇಲೆ ಕೈ ಎತ್ತುವ ಹಾಗಿಲ್ಲ, ಸೀನು ಬಂದರೂ ಕೇಳಿ ಸೀನಬೇಕು. ಬೆಳಿಗ್ಗೆ ಎದ್ದ ಕೂಡಲೇ ಅವನ ಅಂಗಿ ಎತ್ತಿ ಗಾಯದ ಗೆರೆಯನ್ನು ಮೇಲಿಂದ ಕೆಳಗಿನವರೆಗೆ ನೋಡುವುದು. ಮಧ್ಯಾಹ್ನ ಮತ್ತೊಮ್ಮೆ. ಸಂಜೆ ನಾನು ಬರುವ ಹೊತ್ತಿಗೆ ಇನ್ನೊಮ್ಮೆ, ನನಗೂ ತೋರಿಸಿ. “ಹೊರಗೆ ಚೆನ್ನಾಗೇ ಕಾಣತ್ತೆ. ಒಳಗೆ ಏನಾಗ್ತಿದ್ಯೋ. ಎಲ್ಲಾನೂ ತಿರುವಿ ನೋಡ್ಬಹುದು, ಗಂಡನ್ನ ತಿರುವಿ ನೋಡಕ್ಕಾಗತ್ತೇನೇ?”

ನಾನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡುವವಳು. ಎದುರಿಗೆ ದೊಡ್ಡ ಬೋರ್ಡಿದ್ದರೂ ಬಸ್ಸು ಎಷ್ಟೊತ್ತಿಗೆ ಎಂದು ಎಂಟು ಗಂಟೆ ಕೇಳಿಸಿಕೊಂಡು ಬರುವವಳಿಗೆ ತಾಳ್ಮೆ ಎಲ್ಲಿಂದ ಬರಬೇಕು. ಮನೆಗೆ ಬಂದರೆ ಮೆಷಿನ್ನಿನ ಸದ್ದು. ಸದ್ದಿಗೆ ನಾನು ಬೇಸತ್ತವಳಲ್ಲ, ಅದು ನಿಲ್ಲುವುದಕ್ಕೆ ಬೇಸತ್ತೆ. ಮುಂಚೆ ಅತ್ತಿಗೆ ಒಂದು ಪ್ಯಾಂಟಿನ ಕಾಲನ್ನು ಒಂದೇ ತುಳಿತಕ್ಕೆ ಮುಗಿಸುತ್ತಿದ್ದಳು. ಈಗ ಕಟಕಟ ಎಂದು ನಾಲ್ಕು ಬೆರಳಗಲ ಓಡುತ್ತದೆ, ನಿಲ್ಲುತ್ತದೆ. ಅವಳು ಕತ್ತು ಚಾಚಿ ಅಣ್ಣನ ಉಸಿರು ಕೇಳುತ್ತಾಳೆ. ಮತ್ತೆ ನಾಲ್ಕು ಬೆರಳು. ಅದು ನಿಂತಾಗಲೆಲ್ಲ ಅಣ್ಣನೂ ಉಸಿರು ಬಿಗಿಹಿಡಿಯುತ್ತಿದ್ದ, ನಾನೂ ಹಿಡಿಯುತ್ತಿದ್ದೆ. ಲಾಯರಮ್ಮ ಪಾಠ ಓದುತ್ತಿದ್ದವಳು ಅರ್ಧಕ್ಕೆ ನಿಲ್ಲಿಸುತ್ತಿದ್ದಳು.

ತಿಂಗಳಿಗೆ ತೋರಿಸಲು ಹೋದಾಗ ಡಾಕ್ಟರಮ್ಮ ಅಣ್ಣನ ಮೊಣಕಾಲ ಮೇಲಿನ ಮಾಂಸ ಹಿಡಿದು ನೋಡಿ ಸಿಡುಕಿದರು. ಗಾಯ ಮಾಯುತ್ತಿದೆ, ಕಾಲು ಸಾಯುತ್ತಿದೆ. ಇನ್ನೊಂದು ತಿಂಗಳು ಹೀಗೇ ಕೂರಿಸಿದರೆ ಆಮೇಲೆ ಎಬ್ಬಿಸುವುದು ತಮ್ಮ ಕೈಲಿಲ್ಲ ಎಂದರು. ಅತ್ತಿಗೆ ತಲೆಯಾಡಿಸಿದಳು. ಮನೆಗೆ ಬಂದು ಇನ್ನೊಂದು ದಿಂಬು ಕೊಟ್ಟಳು. ಅಣ್ಣ ಜಗಳವನ್ನಾದರೂ ಆಡಬಾರದೇ? ಅದೂ ಇಲ್ಲ. ಮಾತೇ ಬಿಟ್ಟಿದ್ದ. ಅಷ್ಟು ಎತ್ತರದ ಮನುಷ್ಯ ನಮ್ಮ ಕಣ್ಣೆದುರೇ ಬತ್ತಿಹೋಗುತ್ತಿದ್ದ, ನನಗೆ ಹೆದರಿಕೆಯಾಗಿತ್ತು. ಹೆದರಿಕೆಯಾದರೆ ನಾನು ಪಾತ್ರೆ ಕುಕ್ಕುತ್ತೇನೆ. ಆ ವಾರ ಎರಡು ಲೋಟ ನೆಗ್ಗಿದವು.

ಅವನು ಮತ್ತೆ ಬಾಯಿ ಬಿಟ್ಟಿದ್ದು ಒಂದು ಬೆಳಿಗ್ಗೆ, ಬಾಲ್ಕನಿಯ ಕಡೆ ನೋಡುತ್ತ. “ಇವಳೇ, ಬಾ ಇಲ್ಲಿ. ನಿನ್ನ ಕಸುಬಿನೋರು ಬಂದಿದ್ದಾರೆ.”

ಬಾಲ್ಕನಿಯ ಕಂಬಿಯಿಂದಾಚೆ ಒಂದು ಕಬ್ಬಿಣದ ಚೌಕಟ್ಟಿದೆ. ಅದರಲ್ಲಿ ಹಳೆಯ ಬಣ್ಣದ ಡಬ್ಬ, ಡಬ್ಬದಲ್ಲಿ ಅಗಲ ಎಲೆಯ ಒಂದು ಗಿಡ. ಅಣ್ಣ ಮೀಟರ್ ಓದುವ ಯಾವುದೋ ಮನೆಯಿಂದ ಕಡ್ಡಿ ತಂದು ನೆಟ್ಟಿದ್ದ. ಬಟ್ಟೆ ಒಣಗಿಸುವ ತಂತಿಗೆ ಅಡ್ಡವಾಗುತ್ತದೆ ಎಂದು ಅತ್ತಿಗೆ ಬೈದದ್ದಕ್ಕೆ, ತನ್ನ ಉದ್ದ ಕೈಗೆ ಮಾತ್ರ ಎಟಕುವಷ್ಟು ಆಚೆ ಸರಿಸಿ ಕೂರಿಸಿದ್ದ. ಆ ಗಿಡದ ಒಂದು ಎಲೆಯ ಮೇಲೆ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಕ್ಕಿ ಬಾಲ ನಿಮಿರಿಸಿಕೊಂಡು ಕೂತಿತ್ತು. ಕೊಕ್ಕಿನಿಂದ ಎಲೆಯಂಚಿಗೆ ತೂತು ಮಾಡಿ, ತೂತಿನಲ್ಲಿ ನೂಲು ತೂರಿಸಿ, ಆ ಕಡೆ ಹೋಗಿ ಎಳೆಯುತ್ತಿತ್ತು.

“ಸಿಂಪಿಗ ಹಕ್ಕಿ,” ಎಂದಳು ಲಾಯರಮ್ಮ. “ನಮ್ಮ ಪುಸ್ತಕದಲ್ಲಿದೆ.”

ಅತ್ತಿಗೆ ಕನ್ನಡಕ ಹಾಕಿಕೊಂಡು ಬಂದು ಕಣ್ಣು ಕಿರಿದು ಮಾಡಿದಳು. “ಅದು ನನ್ನ ನೀಲಿ ದಾರ. ಸ್ಕೂಲ್ ಯೂನಿಫಾರ್ಮಿಂದು. ನಾನು ಗುಡಿಸಿ ಹಾಕಿದ್ದನ್ನ ಕದ್ದು ಹೊಲೀತಿದೆ.”

ಅವತ್ತಿನಿಂದ ಕುರ್ಚಿ ಬಾಲ್ಕನಿ ಬಾಗಿಲಿಗೆ ಬಂತು. ಬಾಗಿಲಿಗೆ ಪರದೆ; ಅದರ ಅಂಚಿಗೆ ನಾನು ಕೋಟಿನ ಗಟ್ಟಿ ದಾರ ಹಾಕಿದ್ದಕ್ಕೆ, ನಾಳೆ ದಾರ ಹರಿಯಲ್ಲ, ಬಟ್ಟೆ ಹರಿಯತ್ತೆ ಎಂದು ಅತ್ತಿಗೆ ಬೈದು ಬಿಚ್ಚಿಸಿದಳು. ಪರದೆಯ ಸಂದಿಯಲ್ಲಿ ನಮ್ಮ ಮನೆಯ ನಾಲ್ಕು ಜೊತೆ ಕಣ್ಣು. ಅಣ್ಣ ತನ್ನ ಹಳೆಯ ಮೀಟರ್ ಪುಸ್ತಕ ತರಿಸಿಕೊಂಡು ಹಕ್ಕಿ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೋಯಿತು ಎಂದು ಬರೆಯತೊಡಗಿದ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವುದರೊಳಗೆ, “ಇವತ್ತಿನ ರೀಡಿಂಗ್ ಕೇಳು,” ಎನ್ನುತ್ತಿದ್ದ. ನಾನು ಸಂಜೆ ಬೇಗ ಬರತೊಡಗಿದೆ. ಮೆಷಿನ್ ಮೊದಲಿನಂತೆಯೇ ನಿಲ್ಲುತ್ತಿತ್ತು, ಆದರೆ ಈಗ ಅತ್ತಿಗೆ ಎರಡು ಉಸಿರಿಗೆ ಕಿವಿಗೊಡಬೇಕಿತ್ತು, ಒಂದು ಒಳಗಿಂದು, ಒಂದು ಹೊರಗಿಂದು. ನಾಲ್ಕು ದಿನದಲ್ಲಿ ಎಲೆ ಸುರುಳಿಯಾಗಿ ಜೇಬಾಯಿತು, ಜೇಬಿನೊಳಗೆ ಹತ್ತಿ ಬಂತು, ಆಮೇಲೆ ಮೂರು ಮೊಟ್ಟೆ.

ಅತ್ತಿಗೆಗೆ ಮೊಟ್ಟೆಗಿಂತ ಹೊಲಿಗೆಯದೇ ಚಿಂತೆ. “ಗಂಟೇ ಹಾಕಿಲ್ಲ ನೋಡು. ದಾರದ ತುದಿಯ ಎಳೆ ಬಿಡಿಸಿ ಹಾಗೇ ಬಿಟ್ಟಿದೆ. ಒಂದು ಹೊಲಿಗೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆ ಡಾಕ್ಟರಮ್ಮನ ಹತ್ರಾನೇ ಕಲಿತಿರಬೇಕು.”

“ಅಮ್ಮ, ಇದಕ್ಕೆ ನಿಜವಾಗ್ಲೂ ಹೊಲಿಗೆ ಯಾರು ಹೇಳ್ಕೊಟ್ರು?” ಎಂದಳು ಲಾಯರಮ್ಮ.

“ಯಾರೇ ಹೇಳ್ಕೊಟ್ಟಿರಲಿ, ಅವರಿಗೇ ಸರಿಯಾಗಿ ಬರ್ತಿರಲಿಲ್ಲ.”

“ಅದರಮ್ಮ ಹೇಳ್ಕೊಟ್ಟಿರತ್ತೆ.”

“ಅದರಮ್ಮಂಗೆ?”

ಲಾಯರಮ್ಮ ಯೋಚಿಸಿದಳು. ವಾದದಲ್ಲಿ ಸೋಲುವುದು ಅವಳಿಗೆ ಆಗದು. “ಹಿಂದೆ ಹಿಂದೆ ಹೋದ್ರೆ ಯಾರೋ ಒಬ್ರು ಇರಲೇಬೇಕಲ್ಲ,” ಎಂದು ಎದ್ದು ಹೋದಳು. ಅತ್ತಿಗೆ ಬಾಬಿನ್ನಿಗೆ ದಾರ ಸುತ್ತುತ್ತ ಬಹಳ ಹೊತ್ತು ಗಿಡದ ಕಡೆಯೇ ನೋಡಿದಳು.

ಇನ್ನೊಬ್ಬರಾಗಿದ್ದರೆ ನೋಡಿ ಸುಮ್ಮನಿರುತ್ತಿದ್ದರು. ಹೊಲಿಯುವವಳಿಂದ ಅದು ಆಗಲಿಲ್ಲ. ಮಾರನೆಯ ಮಧ್ಯಾಹ್ನ ನಾನು ಕೌಂಟರಿನಲ್ಲಿದ್ದಾಗ, ಅಣ್ಣ ತೂಕಡಿಸುತ್ತಿದ್ದಾಗ, ಹಕ್ಕಿ ಹುಳ ಹುಡುಕಿಕೊಂಡು ಹೋದ ಹೊತ್ತು ನೋಡಿ ಅತ್ತಿಗೆ ಸ್ಟೂಲು ಹತ್ತಿದಳು. ಕೊಂಬೆಯನ್ನು ಛತ್ರಿಯ ಹಿಡಿಯಿಂದ ಒಳಗೆ ಎಳೆದುಕೊಂಡು, ಕೋಟಿಗೆ ಹಾಕುವ ಗಟ್ಟಿ ದಾರ ತೆಗೆದು, ಎಲೆಯ ಒಂದು ಅಂಚಿಗೆ ಮೇಲಿಂದ ಕೆಳಗೆ ಒತ್ತೊತ್ತಾಗಿ ಒಂದೇ ಓಟದ ಹೊಲಿಗೆ ಹಾಕಿದಳು. ಬಿಗಿಯಾಗಿ ಎಳೆದು ಎರಡೂ ತುದಿಗೆ ಮೂರು ಮೂರು ಗಂಟು. ನಾನು ಬಂದಾಗ ಮುಖ ಅರಳಿತ್ತು. “ಈಗ ಬಿರುಗಾಳಿ ಬಂದ್ರೂ ಬಿಚ್ಚಲ್ಲ.”

ನಾನು ಬ್ಯಾಗನ್ನೂ ಇಳಿಸದೆ ಬಾಲ್ಕನಿ ಬಾಗಿಲಿಗೆ ಹೋದೆ. “ಹಕ್ಕಿ ವಾಪಸ್ ಬಂತಾ?”

“ಒಂದೂಕಾಲು ಗಂಟೆ ಬರಲಿಲ್ಲ,” ಎಂದ ಅಣ್ಣ ಪುಸ್ತಕದಿಂದ ತಲೆ ಎತ್ತದೆ. “ಆಮೇಲೆ ಬಂತು.” ಆ ಒಂದೂಕಾಲು ಗಂಟೆ ಇವಳು ಹೇಗಿದ್ದಳು ಎಂದು ಕೇಳಬೇಕಾಗಿರಲಿಲ್ಲ. ಮೆಷಿನ್ನಿನ ಮೇಲಿದ್ದ ಪ್ಯಾಂಟು ನಾನು ಬೆಳಿಗ್ಗೆ ಬಿಟ್ಟುಹೋದಲ್ಲೇ ಇತ್ತು.

ಮರಿಗಳಾದವು. ಮೈಮೇಲೆ ಒಂದು ಎಳೆ ಪುಕ್ಕವಿಲ್ಲದ ಮೂರು ಮರಿ, ಬರೀ ಬಾಯಿ. ಗಂಡೂ ಹೆಣ್ಣೂ ಬಿಡುವಿಲ್ಲದೆ ಹುಳ ತರುತ್ತಿದ್ದವು. ಅಣ್ಣನ ಪುಸ್ತಕದ ಹಾಳೆ ತುಂಬುತ್ತ ಹೋಯಿತು. ಮಾತು ಬಂದಿತ್ತು, ನಗು ಬಂದಿತ್ತು, ಆದರೆ ಕುರ್ಚಿ ಬಿಟ್ಟಿರಲಿಲ್ಲ. ಒಮ್ಮೆ ಏಳಲು ಹೋದವನನ್ನು ಅತ್ತಿಗೆ, “ರೀ,” ಎಂದು ಕರೆದಳು, ಅಷ್ಟೇ. ಕೂತುಬಿಟ್ಟ. ಎರಡನೆಯ ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಗಾಳಿ ಎದ್ದಿತು. ಬಿರುಗಾಳಿಯೇನಲ್ಲ, ಒಣಹಾಕಿದ ಬಟ್ಟೆ ತಂತಿಗೆ ಸುತ್ತಿಕೊಳ್ಳುವಷ್ಟು. ನಾನು ಬಟ್ಟೆ ತೆಗೆಯಲು ಹೋದವಳು ಗಿಡದ ಕಡೆ ನೋಡಿದೆ. ಎಲೆ ಹರಿದಿತ್ತು. ಹಕ್ಕಿ ಹಾಕಿದ ಹೊಲಿಗೆಯಲ್ಲಿ ಅಲ್ಲ, ಅತ್ತಿಗೆಯ ಹೊಲಿಗೆಯಲ್ಲಿ. ಒತ್ತೊತ್ತಾಗಿ ಚುಚ್ಚಿದ್ದ ತೂತುಗಳ ಸಾಲಿನಲ್ಲೇ, ಅಂಚೆಚೀಟಿಯ ಹಾಳೆ ಹರಿದಂತೆ ನೆಟ್ಟಗೆ ಅರ್ಧದವರೆಗೆ ಸೀಳಿತ್ತು. ಕೊಂಬೆ ಆ ಕಡೆ ವಾಲಿದಾಗ ಹಕ್ಕಿಯ ಬಿಡಿ ಹೊಲಿಗೆಗಳು ಒಂದೊಂದೂ ತುಸು ಸಡಿಲ ಬಿಟ್ಟು ಮತ್ತೆ ಕೂಡಿಕೊಳ್ಳುತ್ತಿದ್ದವು. ಗಟ್ಟಿ ದಾರ ಮಾತ್ರ ಜಗ್ಗದೆ ಎಲೆಯನ್ನೇ ಕೊಯ್ಯುತ್ತಿತ್ತು. ಗೂಡು ಓರೆಯಾಗಿ, ಒಂದು ಮರಿಯ ಕತ್ತು ಹೊರಗೆ ಜೋತಿತ್ತು. ಕೆಳಗೆ ನಾಲ್ಕು ಮಹಡಿ.

ನಾನು ಕೂಗಿದೆ. ಅತ್ತಿಗೆ ಅರ್ಧ ಬ್ಲೇಡು ಹಿಡಿದುಕೊಂಡು ಓಡಿಬಂದಳು; ಹೊಲಿಗೆ ಬಿಚ್ಚಲು ಅವಳು ಯಾವಾಗಲೂ ಬಳಸುವುದು ಅದನ್ನೇ. ಛತ್ರಿಯ ಹಿಡಿಯಿಂದ ಎಳೆದರೆ ಗೂಡು ಮಗುಚುತ್ತದೆ. ಯಾರಾದರೂ ಗೂಡನ್ನು ಅಡಿಯಿಂದ ಎತ್ತಿ ಈ ಕಡೆಗೆ ಹಿಡಿಯಬೇಕು, ಆಗ ಇವಳು ಸ್ಟೂಲಿನ ಮೇಲೆ ನಿಂತು ಬಗ್ಗಿ ದಾರ ಕತ್ತರಿಸಬಹುದು. ನಾನು ಕಂಬಿಗೆ ಹೊಟ್ಟೆ ಒತ್ತಿ ಕೈ ಚಾಚಿದೆ. ಒಂದು ಗೇಣು ಸಾಲಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ಉದ್ದದ ಕೈ ಒಂದೇ ಜೊತೆ ಇರುವುದು.

ಹಿಂದೆ ಕುರ್ಚಿ ಕಿರುಗುಟ್ಟಿತು.

“ಕೂತ್ಕೊಳ್ರೀ,” ಎಂದಳು ಅತ್ತಿಗೆ ತಿರುಗಿ ನೋಡದೆ. “ಕೈ ಎತ್ತಂಗಿಲ್ಲ ನೀವು. ಒಳಗಿನ ದಾರ ಕರಗಿರತ್ತೆ.”

ಅಣ್ಣ ಕುರ್ಚಿಯ ಕೈ ಹಿಡಿದು ಅರ್ಧ ಎದ್ದವನು ಹಾಗೇ ನಿಂತ. ಎರಡು ತಿಂಗಳು ಕುಕ್ಕಿದ ಪಾತ್ರೆಗಳೆಲ್ಲ ಒಟ್ಟಿಗೆ ನನ್ನ ಬಾಯಿಗೆ ಬಂದವು. “ಸುಮ್ನಿರು ಅತ್ತಿಗೆ. ಪರದೆಗೆ ನಾನು ಕೋಟಿನ ದಾರ ಹಾಕಿದಾಗ ಏನಂದೆ ನೀನು? ನಾಳೆ ದಾರ ಹರಿಯಲ್ಲ, ಬಟ್ಟೆ ಹರಿಯತ್ತೆ ಅಂದೆ ತಾನೇ? ನೋಡು ಅಲ್ಲಿ. ಆ ಎಲೆಗೆ ಏನು ಮಾಡಿದ್ದೀಯೋ ನಮ್ಮಣ್ಣಂಗೂ ಅದೇ ಮಾಡ್ತಿದ್ದೀಯ.”

ಅತ್ತಿಗೆ ಗಿಡದ ಕಡೆ ನೋಡಿದಳು. ಅವಳ ಕಣ್ಣು ಆ ನೀಲಿ ಬಿಡಿ ಹೊಲಿಗೆಗಳ ಮೇಲೆ, ಆಮೇಲೆ ತನ್ನ ಮೂರು ಗಂಟುಗಳ ಮೇಲೆ ಹೋಯಿತು. ಕೆಲಸದ ತಪ್ಪು ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಸ್ಟೂಲಿನ ಮೇಲಿಂದ ಗಂಡನಿಗೆ ಹೇಳಿದಳು: “ಬನ್ನಿ. ನಿಧಾನ. ಅಡಿಯಿಂದ ಹಿಡೀರಿ.”

ಅಣ್ಣ ಐದು ಹೆಜ್ಜೆ ನಡೆದ. ಕಂಬಿಗೆ ಭುಜ ಒರಗಿಸಿ ಕೈ ಚಾಚಿ ಆ ಎಲೆಯನ್ನು ಅಂಗೈಯಲ್ಲಿ ಹೊತ್ತ. ಅತ್ತಿಗೆ ಒಂದೊಂದೇ ಹೊಲಿಗೆ ಕತ್ತರಿಸುತ್ತ ಬಂದಳು. ಅಣ್ಣನ ತೊಡೆ ನಡುಗುತ್ತಿತ್ತು, ಕೈ ಅಲುಗಲಿಲ್ಲ. ತಂದೆ ಹಕ್ಕಿಯೋ ತಾಯಿ ಹಕ್ಕಿಯೋ ತಂತಿಯ ಮೇಲೆ ಕೂತು ಕಿವಿ ಕಿತ್ತುಹೋಗುವ ಹಾಗೆ ಬೈಯುತ್ತಿತ್ತು. ದಾರ ಪೂರ್ತಿ ಬಂದ ಮೇಲೆ ಅತ್ತಿಗೆ ಕೈ ಚಾಚಿ, “ಗುಡಿಸಿದ ಕಸದಲ್ಲಿ ನೀಲಿ ದಾರ ಇದೆ, ಕೊಡೇ,” ಎಂದಳು. ಲಾಯರಮ್ಮ ಓಡಿದಳು. ಅತ್ತಿಗೆ ಸೀಳಿನ ಎರಡೂ ಬದಿ ಸೇರಿಸಿ, ದೂರ ದೂರಕ್ಕೆ, ಸಡಿಲವಾಗಿ, ನಾಲ್ಕೇ ನಾಲ್ಕು ಬಿಡಿ ಹೊಲಿಗೆ ಹಾಕಿದಳು. ಗಂಟು ಹಾಕಲಿಲ್ಲ. ದಾರದ ತುದಿಯನ್ನು ಉಗುರಿನಿಂದ ಬಿಡಿಸಿ ಹಾಗೇ ಬಿಟ್ಟಳು. ಜೋತಿದ್ದ ಮರಿಯನ್ನು ಕಿರುಬೆರಳಿನಿಂದ ಒಳಗೆ ತಳ್ಳಿದಳು.

ಪರದೆ ಎಳೆದು ನಾಲ್ವರೂ ಒಳಗೆ ನೆಲದ ಮೇಲೆ ಕೂತೆವು. ಅಣ್ಣನೂ ನೆಲದ ಮೇಲೇ ಕೂತ. ಯಾರೂ ಬೇಡವೆನ್ನಲಿಲ್ಲ.

“ಈಗ ಏನು ಮಾಡೋದು?” ಎಂದಳು ಲಾಯರಮ್ಮ.

“ಏನೂ ಇಲ್ಲ,” ಎಂದಳು ಅತ್ತಿಗೆ. ಅವಳಿಗೆ ಏನೂ ಇಲ್ಲದೆ ಕೂತು ಗೊತ್ತಿರಲಿಲ್ಲ. ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. ಗಾಳಿ ಪರದೆಯನ್ನು ಉಬ್ಬಿಸುತ್ತಿತ್ತು. ಹೊರಗೆ ಬೈಗುಳ ನಿಂತುಹೋಗಿತ್ತು, ಅದು ಇನ್ನೂ ಹೆಚ್ಚಿನ ಸಂಕಟ. ಹತ್ತು ನಿಮಿಷ. ಇಪ್ಪತ್ತು. ಅಣ್ಣ ಪುಸ್ತಕ ತೆರೆದಿಟ್ಟು ಪೆನ್ಸಿಲ್ ಹಿಡಿದೇ ಇದ್ದ. ಹಕ್ಕಿ ಬರದಿದ್ದರೆ ಅತ್ತಿಗೆ ಇನ್ನು ಜನ್ಮದಲ್ಲಿ ಅಣ್ಣನನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೂವತ್ತೈದು ನಿಮಿಷಕ್ಕೆ ಪರದೆಯ ಸಂದಿಯಲ್ಲಿ ಎಲೆ ಬಾಗಿತು, ಮರಿಗಳ ಬಾಯಿ ಮೇಲೆ ಬಂತು. ಅಣ್ಣ ಬರೆದುಕೊಂಡ. ಐದು ನಿಮಿಷಕ್ಕೆ ಇನ್ನೊಂದು ಹಕ್ಕಿ. ಎಲೆ ತೂಗಿತು, ಹೊಲಿಗೆ ಸಡಿಲ ಬಿಟ್ಟಿತು, ಮತ್ತೆ ಕೂಡಿತು.

ಅತ್ತಿಗೆ ಅತ್ತಳು. ಅವಳು ಅತ್ತದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ಮೂಗು ಒರೆಸಿಕೊಂಡು ಮಗಳಿಗೆ ಹೇಳಿದಳು, “ಅವತ್ತು ಕೇಳಿದ್ಯಲ್ಲ ಯಾರು ಹೇಳ್ಕೊಟ್ರು ಅಂತ. ಯಾರೋ ಇದ್ದಾರೆ ಕಣೇ. ಕೆಲಸ ಗೊತ್ತಿರೋರು.”

“ತಿರುವಿ ನೋಡಿದ್ಯಾ?” ಎಂದಳು ಲಾಯರಮ್ಮ. ಎಷ್ಟಾದರೂ ವಕೀಲಿ ಬುದ್ಧಿ.

“ಇಲ್ಲ,” ಎಂದಳು ಅತ್ತಿಗೆ. “ನೋಡಕ್ಕಾಗಲ್ಲ. ಬಿಡು.”

ಐದನೆಯ ದಿನ ಬೆಳಿಗ್ಗೆ ಮರಿಗಳು ಒಂದೊಂದಾಗಿ ಹೊರಬಿದ್ದವು. ಒಂದು ತಂತಿಗೆ, ಒಂದು ಪಕ್ಕದ ಮನೆಯ ಕಿಟಕಿಗೆ, ಕತ್ತು ಜೋತಿದ್ದ ಆ ಮೂರನೆಯದು ನಮ್ಮ ಪರದೆಗೆ ನೇತುಬಿದ್ದು ಮನೆಗೆಲ್ಲ ಬೈದು ಹಾರಿಹೋಯಿತು. ಅಣ್ಣ ಕೊನೆಯ ರೀಡಿಂಗ್ ಬರೆದು ಪುಸ್ತಕ ಮುಚ್ಚಿದ. ಎದ್ದು ಹೋಗಿ ಕೈ ಎತ್ತಿ ಕಪಾಟಿನ ಮೇಲಿಂದ ಬೂಟು ಇಳಿಸಿಕೊಂಡ. ಧೂಳು ಊದಿದ.

“ಕೆಳಗೆ ಬೀದಿವರೆಗೆ ಹೋಗಿ ಬರ್ತೀನಿ,” ಎಂದ. “ಒಬ್ಬನೇ.”

ನಾನು ಜೊತೆಗೆ ಹೋಗುತ್ತೇನೆ ಎನ್ನಲು ಬಾಯಿ ತೆರೆದೆ. ಅತ್ತಿಗೆ ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿದಳು. ಗಂಡನ ಹತ್ತಿರ ಹೋಗಿ ಅವನ ಅಂಗಿಯ ಕೆಳಗಿನ ಅಂಚನ್ನು ಹಿಡಿದಳು. ದಿನಾ ಎತ್ತಿ ನೋಡುತ್ತಿದ್ದದ್ದು ಅದನ್ನೇ. ಇವತ್ತು ಎತ್ತಲಿಲ್ಲ. ಮಡಿಕೆ ನೇರ ಮಾಡಿ ಬಿಟ್ಟಳು. “ಕಂಬಿ ಹಿಡ್ಕೊಂಡು ಇಳೀರಿ,” ಎಂದಳು.

ಅಣ್ಣ ಬಾಗಿಲು ದಾಟಿದ. ಅತ್ತಿಗೆ ಬಾಲ್ಕನಿಗೆ ಹೋಗಲಿಲ್ಲ, ಮೆಷಿನ್ನಿಗೆ ಕೂತಳು. ತುಳಿಯತೊಡಗಿದಳು. ನಾನು ಬಾಗಿಲ ಬಳಿ ನಿಂತು ಮೆಟ್ಟಿಲಿನ ಸದ್ದು ಕೇಳುತ್ತಿದ್ದೆ. ಮೊದಲನೆಯ ತಿರುವು. ಮೆಷಿನ್ ನಿಲ್ಲಲಿಲ್ಲ. ಎರಡನೆಯ ತಿರುವಿನಲ್ಲಿ ಅಣ್ಣನ ಬೂಟು ನಿಂತಿತು, ಬಹಳ ಹೊತ್ತು ನಿಂತಿತು. ನನ್ನ ಕೈ ಬಾಗಿಲ ಚಿಲಕಕ್ಕೆ ಹೋಯಿತು. ಹಿಂದೆ ಕಟಕಟ ಕಟಕಟ ಒಂದೇ ಸಮನೆ ಓಡುತ್ತಿತ್ತು, ಅವನಿಗೆ ಕೆಳಗಿನವರೆಗೂ ಕೇಳಿಸುವಷ್ಟು ಜೋರಾಗಿ. ಬೂಟು ಮತ್ತೆ ಇಳಿಯಿತು. ಮೂರನೆಯದು, ನಾಲ್ಕನೆಯದು, ಬೀದಿಯ ಬಾಗಿಲು.

ಆಗ ತಿರುಗಿ ಅವಳನ್ನು ನೋಡಿದೆ. ಕಣ್ಣು ಗೋಡೆಯ ಮೇಲೆ, ಕಾಲು ಪೆಡಲಿನ ಮೇಲೆ. ಸೂಜಿಯ ಕೆಳಗೆ ಯಾರದೋ ಹೊಸ ಅಂಗಿ. ಅದರ ತೋಳಿನ ಮೇಲ್ಬಟ್ಟೆಯನ್ನೂ ಕೆಳಬಟ್ಟೆಯನ್ನೂ ಸೇರಿಸಿ ಕಂಕುಳಿನಿಂದ ಮುಂಗೈವರೆಗೆ ಹಿಂದಕ್ಕೂ ಮುಂದಕ್ಕೂ ಹೊಲಿದು, ಕೈ ತೂರಿಸಲು ಒಂದು ಬೆರಳ ಜಾಗವಿಲ್ಲದ ಹಾಗೆ ಮುಚ್ಚಿಬಿಟ್ಟಿದ್ದಳು.

“ಅತ್ತಿಗೆ, ತೋಳು,” ಎಂದೆ.

ಬಗ್ಗಿ ನೋಡಿದಳು. “ಆಮೇಲೆ ಬಿಚ್ಚಿದ್ರಾಯ್ತು,” ಎಂದಳು. ಅಣ್ಣ ಮತ್ತೆ ನಾಲ್ಕು ಮಹಡಿ ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಲ್ಲುವವರೆಗೂ ಅದೇ ತೋಳನ್ನು ಹೊಲಿಯುತ್ತಲೇ ಇದ್ದಳು.